ಉಪ್ಪಿನ ಡಬ್ಬಿಯ ಕವಿ

ಮಸ್ಕತ್ತಿನ ಖುರುಮ್ ಬಡಾವಣೆಯಲ್ಲಿದ್ದ ನಮ್ಮ ಆಫೀಸಿಗೆ ಅಮೆರಿಕದ ಕವಿಯೊಬ್ಬರು ಸಂಪಾದಕರಾಗಿ ಬರುತ್ತಾರೆಂದು ಕೇಳಿದಾಗ ನಮಗೆ ಅಂಥ ಕುತೂಹಲವೇನೂ ಆಗಲಿಲ್ಲ. ನಮ್ಮದು ಪ್ರವಾಸಿಗರಿಗಾಗಿ ತಿಂಗಳಿಗೊಮ್ಮೆ ಬರುವ ಇಂಗ್ಲಿಷ್ ಪತ್ರಿಕೆ. ಹೋಟೆಲುಗಳ ಜಾಹೀರಾತು, ಕೋಟೆಗಳ ಚಿತ್ರ, ಖಸಬ್ ಕಡಲಿನ ದೋಣಿ ವಿಹಾರ, ಮತ್ತೆ ಜಾಹೀರಾತು. ಅದಕ್ಕೆ ಕವಿ ಯಾಕೆ ಬೇಕೋ ತಿಳಿಯದು. ನಾನು ಆಗ ಅಲ್ಲಿ ಉಪಸಂಪಾದಕಿ. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಯವಳು, ಓದಿದ್ದು ಕನ್ನಡ ಶಾಲೆಯಲ್ಲಿ, ಮದುವೆಯಾಗಿ ಮಸ್ಕತ್ತಿಗೆ ಬಂದವಳು.

ಬಂದವರು ಅರವತ್ತರ ಆಸುಪಾಸಿನ ಗಿಡ್ಡ ಮನುಷ್ಯ. ಇಸ್ತ್ರಿಯ ಬಿಳಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲ್. ಮೊದಲ ವಾರದಲ್ಲೇ ನನ್ನ ಲೇಖನದಿಂದ ಸುಂದರ, ಅದ್ಭುತ ಎಂಬರ್ಥದ ಪದಗಳನ್ನೆಲ್ಲ ಕಿತ್ತು ಹಾಕಿದರು. "ಸಮುದ್ರದ ಬಣ್ಣ ಯಾವುದಿತ್ತು ಹೇಳಿ. ಮೆಚ್ಚುವ ಕೆಲಸವನ್ನು ಓದುವವರೇ ಮಾಡಿಕೊಳ್ಳುತ್ತಾರೆ" ಎಂದರು. ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

ಒಂಟಿಯಾಗಿದ್ದರು. ನಮ್ಮ ಆಫೀಸಿನ ಮಂಗಳೂರಿನ ಹೆಂಗಸೊಬ್ಬರಿಗೆ ಅದು ದೊಡ್ಡ ಚಿಂತೆಯಾಯಿತು. "ಪಾಪದ ಜನ, ಕುಡಿಯುವುದೂ ಇಲ್ಲ. ನನ್ನ ನಾದಿನಿ ಗಂಡ ಸತ್ತು ಒಬ್ಬಳೇ ಇದ್ದಾಳಲ್ಲ, ಒಮ್ಮೆ ಕೇಳಿ ನೋಡು ಮಾರಾಯ್ತಿ. ನಿನ್ನತ್ರ ಅವರು ಮಾತಾಡ್ತಾರೆ" ಎಂದು ನನ್ನ ಬೆನ್ನು ಹಿಡಿದರು. ನಮ್ಮ ಪತ್ರಿಕೆ ಅಚ್ಚಾಗುತ್ತಿದ್ದದ್ದು ಊರ ಹೊರಗೆ, ಕಾರ್ಖಾನೆಗಳಿರುವ ರುಸೈಲಿನಲ್ಲಿ. ಕೊನೆಯ ಪ್ರೂಫ್ ನೋಡಲು ಪ್ರತಿ ತಿಂಗಳೂ ನಾವಿಬ್ಬರೇ ಅವರ ಕಾರಿನಲ್ಲಿ ಹೋಗುತ್ತಿದ್ದೆವು. ಅಂಥ ಒಂದು ಪ್ರಯಾಣದಲ್ಲಿ ನಾನು ಸುತ್ತಿ ಬಳಸಿ ವಿಷಯ ತೆಗೆದೆ.

ಅವರು ಎದುರಿನ ಟ್ರಕ್ಕನ್ನು ದಾಟಿದರು. ಆಮೇಲೆ, "ನನ್ನ ಮದುವೆ ಆಗಿತ್ತು. ಒಬ್ಬ ಗಂಡಸಿನ ಜೊತೆ. ಅವನು ತೀರಿಕೊಂಡ ಮೇಲೆ ನಾನು ಈ ಕೆಲಸ ಹುಡುಕಿದ್ದು" ಎಂದರು. "ಇದು ಇಲ್ಲಿ ಆಫೀಸಿನಲ್ಲಿ ಆಡುವ ಮಾತಲ್ಲ ಅಂತ ನಿಮಗೆ ಗೊತ್ತು" ಎಂದೂ ಸೇರಿಸಿದರು.

ಗೊತ್ತಿತ್ತು. ಈ ದೇಶದ ಕಾನೂನು ಗೊತ್ತಿತ್ತು, ನಮ್ಮ ಇಗರ್ಜಿಯ ಉಪದೇಶವೂ ಗೊತ್ತಿತ್ತು. ಬಾಯಿಗೆ ಬಂದದ್ದನ್ನು ಕೇಳಿದೆ: "ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದರು, ಸರ್?"

ಅವರು ನಗತೊಡಗಿದವರು ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಂಡು, "ಅವನೇ. ನನಗೆ ಮೊಟ್ಟೆ ಬೇಯಿಸಲಿಕ್ಕೂ ಬಿಡುತ್ತಿರಲಿಲ್ಲ" ಎಂದರು.

ಅಲ್ಲಿಂದ ಮುಂದೆ ತಿಂಗಳಿಗಿಷ್ಟು ಎಂಬಂತೆ ಅವರ ಬದುಕು ಆ ರಸ್ತೆಯಲ್ಲಿ ನನ್ನ ಕಿವಿಗೆ ಬಿತ್ತು. ಹುಟ್ಟಿದ್ದು ಜೋಳದ ಹೊಲಗಳ ನಡುವಿನ ಸಣ್ಣ ಊರಿನಲ್ಲಿ. ತಂದೆಗೆ ಟ್ರಾಕ್ಟರಿನ ಬಿಡಿಭಾಗಗಳ ಅಂಗಡಿ. ಓದು ಮುಗಿಯುವ ಮೊದಲೇ ಮನೆ ಬಿಟ್ಟು ದೊಡ್ಡ ಶಹರಕ್ಕೆ ಹೋದರು. ಟೆಲಿಫೋನ್ ಡೈರೆಕ್ಟರಿಯ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. ಅಲ್ಲೇ ಪದ್ಯ ಬರೆಯಲು ತೊಡಗಿದ್ದು. ಮೊದಲ ಪುಸ್ತಕ ಒಪ್ಪಿಕೊಂಡ ಪ್ರಕಾಶಕರು ಪ್ರೇಮದ ಪದ್ಯಗಳಲ್ಲಿದ್ದ 'ಅವನು' ಎಲ್ಲವನ್ನೂ 'ಅವಳು' ಮಾಡಿ ಅಚ್ಚು ಹಾಕಿದರಂತೆ. "ನಾನು ಒಪ್ಪಿದೆ. ಇಪ್ಪತ್ತಾರು ವಯಸ್ಸು, ಪುಸ್ತಕ ಬೇಕಿತ್ತು. ಆಮೇಲೆ ಆ ಪುಸ್ತಕವನ್ನು ಯಾರಿಗೂ ಕೊಡಲಿಲ್ಲ" ಎಂದರು.

ಆ ಹೊತ್ತಿಗೆ, ಮುಂದೆ ಗಂಡನಾದ ಅವನ ಪರಿಚಯವಾಯಿತು. ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ಆರಡಿ ದಾಟಿದ ಎತ್ತರ. ಇಬ್ಬರೂ ಸೇರಿ ಅಡುಗೆಮನೆಯ ಮೇಜಿನ ಮೇಲೆ ಒಂದು ಕವಿತಾ ಪತ್ರಿಕೆ ಶುರುಮಾಡಿದರು. ಅವು ಸ್ನೇಹಿತರು ಒಬ್ಬರ ಹಿಂದೆ ಒಬ್ಬರು ಏಡ್ಸಿನಿಂದ ಸಾಯುತ್ತಿದ್ದ ವರ್ಷಗಳು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಪದ್ಯಗಳ ಕರಡು ತಿದ್ದಿದ್ದೇ ತಮ್ಮ ಸಂಪಾದನೆಯ ಕಲಿಕೆ ಎಂದು ಹೇಳುತ್ತಿದ್ದರು. "ಸಾಯುತ್ತಿರುವವನ ಪದ್ಯ ಅಂತ ಕೆಟ್ಟ ಸಾಲು ಉಳಿಸಲಿಲ್ಲ. ಅವರೂ ಅದನ್ನು ಕೇಳಲಿಲ್ಲ. ಒಬ್ಬನಂತೂ ಒಂದು ಅಲ್ಪವಿರಾಮಕ್ಕಾಗಿ ನನ್ನೊಡನೆ ಜಗಳವಾಡಿ ಗೆದ್ದ." ಇದನ್ನೆಲ್ಲ ಅವರು ಹೇಳುತ್ತಿದ್ದದ್ದು ಬೇರೆ ಯಾರದೋ ವಿಷಯ ಎಂಬಂತೆ, ಕನ್ನಡಿ ನೋಡಿ ಲೇನ್ ಬದಲಿಸುತ್ತ.

ನಾನು ಕನ್ನಡದಲ್ಲಿ ಬರೆಯುತ್ತೇನೆಂದು ತಿಳಿದಾಗ ಒಂದು ಪದ್ಯ ಓದಿ ಎಂದರು. "ನಿಮಗೆ ಅರ್ಥವಾಗುವುದಿಲ್ಲವಲ್ಲ" ಎಂದೆ. "ಓದಿ" ಎಂದರು. ಓದಿದೆ. ಮುಗಿದ ಮೇಲೆ, "ನಡುವೆ ಒಂದು ಕಡೆ ನಿಮ್ಮ ದನಿ ಸಭೆಯಲ್ಲಿ ಭಾಷಣ ಮಾಡುವವರ ಹಾಗಾಯಿತು. ಅಲ್ಲಿ ಏನಿದೆ?" ಎಂದು ಕೇಳಿದರು. ಅಲ್ಲಿ ತಾಯ್ನಾಡಿನ ಬಗ್ಗೆ ಎರಡು ಸಾಲುಗಳಿದ್ದವು. ತೆಗೆದುಹಾಕಿದೆ.

ಅವರ ಒಂದು ಪದ್ಯವನ್ನು ಕನ್ನಡಕ್ಕೆ ತಂದದ್ದು ಆಮೇಲೆ. ಎತ್ತರದ ಗಂಡ ಉಪ್ಪಿನ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿಡುತ್ತಿದ್ದ. ಅವನು ಹೋದ ಮೇಲೆ, ಪದ್ಯ ಹೇಳುವ ಗಿಡ್ಡ 'ನಾನು' ಡಬ್ಬಿಯನ್ನು ಕೆಳಗಿಳಿಸುವುದುಂಟು, ಆದರೂ ಕೈ ಮೇಲಕ್ಕೇ ಹೋಗುತ್ತದೆ. ಇಷ್ಟೇ ಪದ್ಯ. ಅನುವಾದದಲ್ಲಿ ನಾನು ಮೊದಲು ಆ ಗಂಡನಿಗೆ 'ಅವರು' ಎಂದು ಬರೆದಿದ್ದೆ. ಕನ್ನಡದಲ್ಲಿ ಗೌರವಕ್ಕೆ 'ಅವರು' ಎನ್ನುತ್ತೇವೆ, ಅದರಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ ಎಂದು ವಿವರಿಸಿದೆ. "ಬಹಳ ಸಭ್ಯ ಭಾಷೆ. ಆದರೆ ನಾನು ಅವನಿಗೆ ಅಷ್ಟೊಂದು ಗೌರವ ಕೊಟ್ಟವನಲ್ಲ. 'ಅವನು' ಅಂತಲೇ ಹಾಕಿ" ಎಂದರು. ಹಾಕಿದೆ.

ವಾರದ ರಜೆಯ ದಿನ ಕೆಲವು ಕನ್ನಡದ ಮನೆಯವರು ಸೇರಿ ಏನಾದರೂ ಓದುವ ರೂಢಿ ನಮ್ಮಲ್ಲಿತ್ತು. ಅಮೆರಿಕದ ಕವಿತೆಯೊಂದರ ಅನುವಾದ ಎಂದಷ್ಟೇ ಹೇಳಿ ಅದನ್ನು ಓದಿದೆ. ಅಂದು ಉಡುಪಿ ಕಡೆಯ ಒಬ್ಬ ಹಿರಿಯ ಹೆಂಗಸು ಬಂದಿದ್ದರು. ಮಗಳು ಇಲ್ಲಿ ಕೆಲಸದಲ್ಲಿದ್ದಳು, ತಾಯಿ ಆಗಾಗ ಬಂದುಹೋಗುತ್ತಿದ್ದರು. ಅವರ ಗಂಡ ಹಿಂದೆ ರುಸೈಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ಇಲ್ಲೇ ತೀರಿಕೊಂಡಿದ್ದರು. ಪದ್ಯ ಮುಗಿದಾಗ ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ಆ ಹೆಂಗಸಿಗೆ ಮಕ್ಕಳಿಲ್ವಾ?" ಎಂದು ಕೇಳಿದರು.

"ಇಲ್ಲ ಅಕ್ಕ" ಎಂದೆ.

'ನಾನು' ಎಂಬ ಪದದಲ್ಲಿ ಗಂಡು ಹೆಣ್ಣಿಲ್ಲ. ಓದಿದವಳು ನಾನು, ಪದ್ಯದಲ್ಲಿದ್ದವನು 'ಅವನು'. ಎಲ್ಲರಿಗೂ ಅದೊಂದು ವಿಧವೆಯ ಪದ್ಯವಾಗಿತ್ತು. ಮುಂದಿನ ಸಲ ರುಸೈಲಿಗೆ ಹೋಗುವಾಗ ಇದನ್ನು ಹೇಳಿದರೆ ಕವಿ ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. "ಆಕೆ ನಿಜಕ್ಕೂ ಅತ್ತರೇ?" ಎಂದು ಕೇಳಿದರು. ನಂತರ, "ಆಕೆಗೆ ಸತ್ಯ ಹೇಳಬಹುದೇ? ನನ್ನ ಕಾಂಟ್ರಾಕ್ಟ್ ಹೇಗೂ ಮುಗಿಯುತ್ತಿದೆ" ಎಂದರು.

ನನ್ನ ಗಂಡನಿಗೆ ಇದು ಹಿಡಿಸಲಿಲ್ಲ. "ಬೇಡದ ಉಸಾಬರಿ. ನಾಳೆ ಯಾರಾದ್ರೂ ಬಾಯಿ ಬಿಟ್ರೆ ಅವರಿಗೂ ಖಲಾಸ್, ನಮಗೂ ಖಲಾಸ್" ಎಂದರು. ಹಾಗೆಂದವರೇ ಒಂದು ವಾರ ಬಿಟ್ಟು, "ಊಟಕ್ಕೆ ಕರಿ ಇಬ್ಬರನ್ನೂ. ಅಂಜಲ್ ಮೀನು ತರ್ತೇನೆ" ಎಂದರು. ಹಿರಿಯರಿಗೆ ನಾನು ಫೋನಿನಲ್ಲಿ ಹೇಳಲಿಲ್ಲ. ಅವರ ಮಗಳ ಮನೆಗೇ ಹೋಗಿ, ಅವರೊಬ್ಬರೇ ಇದ್ದಾಗ, ಕವಿ ಗಂಡಸು ಎಂದೆ.

"ಗಂಡಸಾ?" ಎಂದರು. ಬಟ್ಟೆ ಮಡಚುವುದನ್ನು ಮುಂದುವರಿಸಿದರು. "ಸತ್ತವನೂ ಗಂಡಸೇ?"

"ಹೌದು."

"ಹೀಗೂ ಉಂಟು ಅಂತ ಕೇಳಿದ್ದೆ. ಅಳು ಬರ್ತದೆ ಅಂತ ಗೊತ್ತಿರ್ಲಿಲ್ಲ." ಮತ್ತೆರಡು ಬಟ್ಟೆ ಮಡಚಿ, "ನಾನು ಬರ್ತೇನೆ. ಮೀನು ತಿನ್ನುದಿಲ್ಲ ನಾನು, ಗೊತ್ತುಂಟಲ್ಲ?" ಎಂದರು.

ಇಬ್ಬರೂ ಊಟಕ್ಕೆ ಬಂದರು. ನನ್ನ ಮೂಲಕವೇ ಮಾತು ನಡೆಯಬೇಕಿದ್ದರಿಂದ ಮೊದಲು ಹವೆ, ವಿಮಾನ, ಸೊಂಟನೋವು ಇಷ್ಟೇ ಆಯಿತು. ಊಟ ಮುಗಿದ ಮೇಲೆ ಹಿರಿಯರು ನೇರವಾಗಿ ಕೇಳಿದರು: "ಕಡೆಗೆ ಬಾಯಿಗೆ ನೀರು ಬಿಟ್ಟದ್ದು ಯಾರು ಕೇಳು."

ಕೇಳಿದೆ. "ನಾನೇ. ಕಡ್ಡಿಯ ತುದಿಗೆ ಸಣ್ಣ ಸ್ಪಂಜು ಇರುತ್ತದೆ, ನರ್ಸ್ ಕೊಟ್ಟಿದ್ದಳು. ಅವನಿಗೆ ನುಂಗಲು ಆಗುತ್ತಿರಲಿಲ್ಲ, ತುಟಿ ಒದ್ದೆ ಮಾಡಿದೆ" ಎಂದರು ಕವಿ. ಅದನ್ನು ಕನ್ನಡದಲ್ಲಿ ಹೇಳಿದೆ. ಆ ಹಿರಿಯರು ತಮ್ಮ ಬಳೆಯನ್ನು ತಿರುಗಿಸುತ್ತ ನನ್ನತ್ತ ನೋಡಿದರು.

"ನನಗೆ ಅದು ಸಿಕ್ಕಲಿಲ್ಲ ಅಂತ ಹೇಳು. ನಾನು ಊರಲ್ಲಿದ್ದೆ, ಅವರು ಇಲ್ಲಿ. ಪೆಟ್ಟಿಗೆಯೇ ಬಂದದ್ದು. ಇವರಿಗೆ ಸಿಕ್ಕಿತಲ್ಲ, ಪುಣ್ಯ."

ಪುಣ್ಯ ಎಂಬುದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದ ನನಗೆ ಹೊಳೆಯಲಿಲ್ಲ. 'ಅದೃಷ್ಟ' ಎಂಬರ್ಥದ ಪದ ಹೇಳಿದೆ. ಕವಿ ತಲೆಯಾಡಿಸಿದರು. ಅವರ ಮುಖ ಕೆಂಪಾಗಿತ್ತು. ಆ ಹೊತ್ತಿಗೆ ನನ್ನ ಗಂಡ ಚಹಾ ತಂದರು.

ಕಾಂಟ್ರಾಕ್ಟ್ ಮುಗಿದು ಅವರು ಹೋದರು. ನಮ್ಮ ಪತ್ರಿಕೆ ಮುದ್ರಣ ನಿಲ್ಲಿಸಿ ವೆಬ್‌ಸೈಟ್ ಮಾತ್ರ ಉಳಿಯಿತು. ನಾನು ಈಗ ಅದರ ಸಂಪಾದಕಿ. ಅವರು ಹುಟ್ಟೂರಿನಲ್ಲಿ ತಂಗಿಯ ಮನೆಯ ಹತ್ತಿರ ಬಾಡಿಗೆಗಿದ್ದಾರೆ. ಅವರ ನಾಲ್ಕನೆಯ ಪುಸ್ತಕ ಹೊರಬಂತು. ಅದರಲ್ಲಿ ಮಸ್ಕತ್ತಿನ ಕೆಲವು ಪದ್ಯಗಳಿವೆ. ನಮ್ಮ ಊಟದ ಬಗ್ಗೆ ಒಂದೂ ಇಲ್ಲ. ಅಲ್ಲಿನ ಲೈಬ್ರರಿಯವರು ಪದ್ಯ ಓದಲು ಕರೆದರಂತೆ. ಬಂದದ್ದು ಹತ್ತಿಪ್ಪತ್ತು ಜನ. ಅಣ್ಣನ ಪದ್ಯಗಳನ್ನು ಒಂದು ದಿನವೂ ಕೇಳದ ತಂಗಿ ಮುಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದಳಂತೆ.

"ಆಮೇಲೆ ಏನಂದಳು?" ಎಂದು ಫೋನಿನಲ್ಲಿ ಕೇಳಿದೆ.

"ಕಾರಿನ ಹತ್ತಿರ ಬಂದ ಮೇಲೆ, ಅವನ ಫೋಟೋ ಇದ್ದರೆ ಒಂದು ಕೊಡು, ನಮ್ಮ ಮನೆಯ ಹಾಲ್‌ನಲ್ಲಿ ಹಾಕುತ್ತೇನೆ ಅಂದಳು" ಎಂದರು. ದೊಡ್ಡದು ಮಾಡಿಸಿ ಕೊಟ್ಟಿದ್ದಾರಂತೆ.