ತಂಗಿಯ ತಲೆಗೆ ಹಚ್ಚಿದ ಯಂತ್ರ

ಕುರುಗೋಡಿಗೆ ಕೊಟ್ಟಿದ್ದ ನನ್ನ ತಂಗಿಗೆ ಹೆರಿಗೆಯಾದ ಮೇಲೆ ಕೈ ತೊಳೆಯುವ ಗೀಳು ಹತ್ತಿತು. ತನ್ನ ಕೈಯ ಹೊಲಸು ತಾಗಿ ಕೂಸು ಸತ್ತೇಹೋಗುತ್ತದೆ ಎಂಬ ಭಯ. ಬೆರಳ ಸಂದು ಬಿರಿದು ರಕ್ತ ಜಿನುಗಿದರೂ ನಲ್ಲಿ ಬಿಟ್ಟು ಕದಲುತ್ತಿರಲಿಲ್ಲ. ಮಾತ್ರೆಯಿಂದ ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ಮಗಳು ನಡೆಯಲು ಕಲಿತರೂ ಅವಳನ್ನು ಎತ್ತಿಕೊಳ್ಳುತ್ತಿರಲಿಲ್ಲ.

ಬಳ್ಳಾರಿಯ ಮನೋವೈದ್ಯೆಯೊಬ್ಬರು ತಾವು ನಡೆಸುತ್ತಿದ್ದ ಸಂಶೋಧನೆಯ ವಿಷಯ ಹೇಳಿದರು. ಹೊಟ್ಟೆಯ ಸ್ಕ್ಯಾನಿಂಗಿಗೆ ಬಳಸುವಂಥದೇ ಶಬ್ದದ ಅಲೆಯನ್ನು ತಲೆಯ ಹೊರಗಿನಿಂದಲೇ ಮಿದುಳಿನ ಆಳದ ಒಂದು ಜಾಗಕ್ಕೆ ಗುರಿಯಿಟ್ಟು ಬಿಡುತ್ತಾರೆ. ಕೊಯ್ಯುವುದಿಲ್ಲ, ಕರೆಂಟೂ ಕೊಡುವುದಿಲ್ಲ. ಆ ಜಾಗಕ್ಕೂ ಇಂಥ ಭಯಕ್ಕೂ ಏನು ನಂಟೆಂದು ಅವರಿಗೆ ತಿಳಿಯಬೇಕಿತ್ತು.

"ಇದು ಚಿಕಿತ್ಸೆ ಅಲ್ರಿ. ಗುಣ ಆಗ್ತೈತಿ ಅಂತ ಬರಬ್ಯಾಡ್ರಿ. ಹೋಲಿಸಿ ನೋಡಾಕ ಕೆಲವರಿಗೆ ಬರೇ ಯಂತ್ರ ಹಚ್ತೀವಿ, ಅಲಿ ಬಿಡಂಗಿಲ್ಲ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಂಗಿಲ್ಲ."

ಇದನ್ನು ಕೇಳಿ ಸಿರುಗುಪ್ಪದ ತವರುಮನೆಯಲ್ಲಿ ಅವ್ವ ಸಿಡಿದುಬಿದ್ದಳು. "ಇದ್ದ ಬುದ್ಧೀನೂ ಹೋದ್ರ ಏನ್ ಮಾಡ್ತೀರಿ?"

"ತಲಿ ನಂದವ್ವ," ಎಂದಳು ತಂಗಿ. "ಒಳಗೇನೈತಿ ಅಂತ ನನಗೂ ತಿಳೀಬೇಕು."

ಮೊದಲ ಸರದಿಯ ದಿನ ಆಸ್ಪತ್ರೆಯಲ್ಲಿ ನಾನು ಗಾಜಿನ ಆಚೆ ಕೂತಿದ್ದೆ. ಅವಳ ಕೂದಲು ಬಗೆದು ತಣ್ಣನೆಯ ಜೆಲ್ ಹಚ್ಚಿ ಯಂತ್ರವನ್ನು ಒತ್ತಿ ಹಿಡಿದರು. ಅದು ಟಕಟಕ ಎನ್ನಲು ಶುರುವಾದದ್ದೇ ತಡ, ಬೇಡವೆನಿಸಿದರೆ ನಿಲ್ಲಿಸಲೆಂದು ಕೈಗೆ ಕೊಟ್ಟಿದ್ದ ಗಂಟೆಯನ್ನು ಅವಳು ಒತ್ತಿದಳು. ಎಲ್ಲವೂ ನಿಂತಿತು. ಅವ್ವನ ಮಾತೇ ನಿಜವಾಯಿತೇನೋ ಎಂದು ನಾನು ಎದ್ದು ಬಾಗಿಲಿಗೆ ಬಂದೆ.

ವೈದ್ಯೆ ಅವಳ ಪಕ್ಕದಲ್ಲೇ ಕೂತರು. "ನೋವಾತೇನ್ರಿ?"

"ಇಲ್ರಿ. ಹೆದರಿಕಿ ಆತು. ನಾನು ನಾನಾಗಿ ಉಳಿಯಂಗಿಲ್ಲೇನೋ ಅನಿಸ್ತು."

"ಬಿಟ್ಟುಬಿಡೋಣ. ಮನಿಗೆ ಹೋಗ್ರಿ, ಯಾರೂ ಏನೂ ಅನ್ನಂಗಿಲ್ಲ."

ತಂಗಿ ಹಣೆಗೆ ಇಳಿದ ಜೆಲ್ ಒರೆಸಿಕೊಂಡಳು. "ನನ್ನಂಗ ಇನ್ನೂ ಎಷ್ಟೋ ಮಂದಿ ಅದಾರೇನ್ರಿ?"

"ಅದಾರ್ರಿ."

"ಹಂಗಾದ್ರ ಮತ್ತ ಹಚ್ರಿ."

ಈ ಸಲ ಅವಳು ಗಂಟೆ ಒತ್ತಲಿಲ್ಲ.

ಸಂಜೆ ಕುರುಗೋಡಿನ ಮನೆಯಲ್ಲಿ ಏನಾದರೂ ಬದಲಾದೀತೆಂದು ಕಣ್ಣಿಟ್ಟು ಕಾದೆ. ಅವಳು ಎಂದಿನಂತೆ ನಲ್ಲಿಯ ಮುಂದೆ ನಿಂತಳು. ಮುಂದಿನ ಸರದಿಗಳೂ ಮುಗಿದವು. ಅವಳಿಗೆ ಬಿಟ್ಟದ್ದು ನಿಜವಾದ ಅಲೆಯೋ ಅಲ್ಲವೋ ಇನ್ನೂ ಯಾರೂ ಹೇಳಿಲ್ಲ. ಮಾತ್ರೆ ನಡೆದಿದೆ, ಆಪ್ತ ಸಮಾಲೋಚನೆಯೂ ಇದೆ. ಕೈ ತೊಳೆಯುವುದು ತುಸು ತಗ್ಗಿದೆ, ಯಾವುದರಿಂದಲೋ ಗೊತ್ತಿಲ್ಲ.

ಮೊನ್ನೆ ಅವ್ವ ಮೊದಲಿನಿಂದಲೂ ಹೇಳುತ್ತಿದ್ದ ಮಾತನ್ನೇ ತೆಗೆದು, "ನೀನೇ ಮನಸ್ಸು ಗಟ್ಟಿ ಮಾಡ್ಕೋಬೇಕು," ಎಂದಳು.

ತಂಗಿ ಸಿಟ್ಟಾಗಲಿಲ್ಲ. "ಮನಸ್ಸು ಮೆತ್ತಗಾಗಿ ಬಂದದ್ದಲ್ಲವ್ವ ಇದು. ರೋಗ ಐತಿ. ಎಲ್ಲೈತಿ ಅಂತ ಹುಡುಕಾಕತ್ಯಾರ," ಎಂದು ಮಗಳ ತಲೆಗೆ ಎಣ್ಣೆ ಹಚ್ಚತೊಡಗಿದಳು.