ಮೂರನೆಯ ಚಿತ್ರ

ಆ ಮೂರನೆಯ ಚಿತ್ರವನ್ನು ನಾನು ನೋಡಿದ್ದೆ, ಶಾಹೀನ್. ಬೆಟ್ಟ ಸಿಡಿಯುವ ಮೂರು ದಿನ ಮೊದಲೇ ನೋಡಿದ್ದೆ. ನೋಡಿರಲಿಲ್ಲ ಎಂದು ಎಲ್ಲರೆದುರು ಹೇಳಿದ್ದು ಸುಳ್ಳು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ — ಒಮ್ಮೆಯಾದರೂ ನೆಟ್ಟಗೆ ಬರೆಯಬೇಕಾಗಿದೆ. ಲಾಕ್‌ಡೌನ್‌ನ ಎರಡನೆಯ ವರ್ಷ. ಈ ಪರದೇಶದ ಎನ್ಸ್‌ಕೆಡೆ ಊರಿನ ನಮ್ಮ ಸಣ್ಣ ಕಚೇರಿಗೆ ಬೀಗ. ನೀನು ನಿನ್ನ ಬಾಡಿಗೆ ಕೋಣೆಯಲ್ಲಿ, ನಾನು ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು, ಉಪಗ್ರಹದ ಚಿತ್ರಗಳಲ್ಲಿ ದೂರದೇಶದ ಜ್ವಾಲಾಮುಖಿಗಳನ್ನು ಕಾಯುತ್ತಿದ್ದೆವು. ಸಿಡಿಯುವ ಮೊದಲು ನೆಲ ಕೆಲವು ಬೆರಳಿನಷ್ಟು ಉಬ್ಬುವುದುಂಟು. ಅದನ್ನು ಹಿಡಿದು ಅಲ್ಲಿನವರಿಗೆ ತಿಳಿಸುವುದೇ ನಮ್ಮ ಕೆಲಸ. ಆದರೆ ಮೋಡದ ತೇವವೂ ಚಿತ್ರದಲ್ಲಿ ಉಬ್ಬಿನ ಹಾಗೆಯೇ ಕಾಣುತ್ತದೆ.

ಮಂಗಳವಾರ, ಒಂದು ಬೆಟ್ಟದ ಎರಡು ಚಿತ್ರ ನೋಡಿ ನೀನು ಫೋನ್ ಮಾಡಿದೆ. "ಅಕ್ಕಾರ, ಎರಡೂ ಚಿತ್ರದಾಗ ಅದೇ ಜಾಗ ಬಂದದ. ಇದು ಮೋಡ ಅಲ್ರಿ, ನೆಲ ಉಬ್ಬಲಿಕತ್ತದ. ಕೆಳಗ ಊರು ಅದಾವ್ರಿ."

ನಿಜ ಹೇಳಲೇ — ಆಗಲೇ ನನಗೂ ಅನುಮಾನ ಬಂದಿತ್ತು. ಆದರೆ ಆ ಬೆಟ್ಟ ಶಾಂತವಾಗಿದೆ ಎಂದು ಹಿಂದಿನ ತಿಂಗಳಷ್ಟೇ ವರದಿ ಬರೆದವಳು ನಾನು. ನಿನ್ನೆ ಮೊನ್ನೆ ಸೇರಿದವಳು ನನ್ನನ್ನು ತಿದ್ದುವುದೇ ಎಂದು ಹೊಟ್ಟೆ ಉರಿಯಿತು. ಮರುದಿನದ ಆನ್‌ಲೈನ್ ಸಭೆಯಲ್ಲಿ ನೀನು ಚಿತ್ರ ತೋರಿಸುತ್ತಿದ್ದಾಗ ನಾನು ಮಧ್ಯೆ ಬಾಯಿ ಹಾಕಿದೆ: ಇವಳ ಊರು ಬಿಜಾಪುರ, ಅಲ್ಲೊಂದು ಭಾರೀ ಗುಮ್ಮಟವಿದೆ, ಅದನ್ನು ನೋಡಿ ಬೆಳೆದವಳಿಗೆ ಕಂಡಲ್ಲೆಲ್ಲ ಗುಮ್ಮಟವೇ. ಮೈಕ್ ಮುಚ್ಚಿಕೊಂಡಿದ್ದ ಏಳು ಮುಖಗಳು ಸದ್ದಿಲ್ಲದೆ ನಕ್ಕವು. ನೀನೂ ನಕ್ಕೆ — ಪಾಪ, ಇನ್ನೇನು ಮಾಡುತ್ತೀ. ವಾರದ ಹಿಂದಷ್ಟೇ ನೀನು ಈದ್‌ಗೆಂದು ನನ್ನ ಬಾಗಿಲಲ್ಲಿ ಶೀರ್‌ಖುರ್ಮಾ ಪಾಯಸದ ಡಬ್ಬಿ ಇಟ್ಟು, ಒಂದೂವರೆ ಮೀಟರ್ ದೂರ ನಿಂತು ಕೈ ಬೀಸಿ ಹೋಗಿದ್ದೆ. ಆ ಸಭೆಯಲ್ಲಿ ನಿನ್ನ ಮುಖ ಕೆಂಪಾದದ್ದು ಕಂಡು ನನಗೆ ಖುಷಿಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಮೂರನೆಯ ಚಿತ್ರ ಬಂದ ಮೇಲೆ ನಾನೇ ನೋಡುತ್ತೇನೆ ಎಂದು ಆ ಕೆಲಸವನ್ನೂ ನಿನ್ನಿಂದ ಕಿತ್ತುಕೊಂಡೆ.

ಗುರುವಾರ ಚಿತ್ರ ಬಂತು. ಉಬ್ಬು ಅಲ್ಲೇ ಇತ್ತು, ಮೊದಲಿಗಿಂತ ಅಗಲವಾಗಿ. ಮೋಡವಾಗಿದ್ದರೆ ಚದುರಿರಬೇಕಿತ್ತು. ಅಲ್ಲಿನವರಿಗೆ ಒಂದು ಫೋನ್ ಸಾಕಿತ್ತು — ಮಾಡಿದರೆ ನೀನು ಗೆದ್ದ ಹಾಗೆ. ಸೋಮವಾರದ ಹೊತ್ತಿಗೆ ಹೊಸ ವರದಿ ಬರೆದು, ನಾನೇ ಕಂಡುಹಿಡಿದೆ ಎನ್ನುವಂತೆ ಕಳಿಸೋಣ ಅಂದುಕೊಂಡೆ. ನಾಲ್ಕು ದಿನದಲ್ಲಿ ಏನು ಮಹಾ...

ಭಾನುವಾರ ಬೆಟ್ಟ ಸಿಡಿಯಿತು. ಬುಡದ ಎರಡು ಊರುಗಳ ಮೇಲೆ ಸುಡುಬೂದಿ ಇಳಿಯಿತು. ಸತ್ತವರ ಹೆಸರುಗಳನ್ನು ನಾನು ಓದಲಿಲ್ಲ. ನೀನು ಒಂದೊಂದಾಗಿ ಓದಿದೆ.

ಸೋಮವಾರ ಸಭೆಯಲ್ಲಿ ಮುಖ್ಯಸ್ಥರು ಕೇಳಿದಾಗ, ಮೂರನೆಯ ಚಿತ್ರವನ್ನು ಇನ್ನೂ ತೆರೆದೇ ಇರಲಿಲ್ಲ ಎಂದೆ. ಇಷ್ಟು ತುರ್ತು ಎಂದು ಶಾಹೀನ್ ಹೇಳಲಿಲ್ಲ ಎಂದೂ ಸೇರಿಸಿದೆ. ಸಂಜೆ ನೀನು ಫೋನ್ ಮಾಡಿದೆ. ಅಳುತ್ತಿರಲಿಲ್ಲ.

"ಅಕ್ಕಾರ, ನಾ ಇನ್ನೊಂದ್ ಸಲ ಗಟ್ಟಿಯಾಗಿ ಹೇಳಬೇಕಾಗಿತ್ತೇನ್ರಿ?"

"ಹೇಳ್ಬೇಕಾಗಿತ್ತು ಕಣೆ," ಅಂದೆ. "ಹೇಳಿದ್ರೆ ನಾನು ಕೇಳ್ತಿರ್ಲಿಲ್ವಾ?"

ಎಷ್ಟು ಮೆತ್ತಗೆ ಹೇಳಿದೆನೆಂದರೆ ನೀನು ನಂಬಿಬಿಟ್ಟೆ. ಕೆಲಸ ಬಿಟ್ಟೆ. ಈಗ ಟಿಲ್‌ಬರ್ಗಿನ ಯಾವುದೋ ಗೋದಾಮಿನಲ್ಲಿ ಪಾರ್ಸೆಲ್ ಜೋಡಿಸುತ್ತೀಯಂತೆ. ಟಿವಿಯಲ್ಲಿ ಬೆಟ್ಟ ಕಂಡರೂ ಎದ್ದು ಹೋಗುತ್ತೀಯಂತೆ.

ಇವತ್ತು ಬೆಳಿಗ್ಗೆ ಮುಖ್ಯಸ್ಥರಿಗೂ ಆ ಊರುಗಳ ಆಡಳಿತಕ್ಕೂ ಇದನ್ನೇ ಬರೆದು ಕಳಿಸಿದ್ದೇನೆ — ಗುರುವಾರ ಎಷ್ಟು ಹೊತ್ತಿಗೆ ಚಿತ್ರ ತೆರೆದೆ ಎಂಬ ಕಂಪ್ಯೂಟರಿನ ದಾಖಲೆಯ ಸಮೇತ. ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ನೀನು ಗಟ್ಟಿಯಾಗಿಯೇ ಹೇಳಿದ್ದೆ, ಶಾಹೀನ್. ನನಗೆ ಕೇಳಿಸಿತ್ತು.