ಗುಣವಾದ ಇಲಿ

ಸ್ವಲ್ಪ ತಡೆಯಿರಿ, ಸಕ್ಕರೆ ಕಾಯಿಲೆಗೆಂದು ತಂಗಡಿ (ಆವರಿಕೆ) ಹೂವಿನ ಕಷಾಯಕ್ಕೆ ಒಲೆ ಹಚ್ಚುವ ಮೊದಲು ಇದನ್ನು ಓದಿಬಿಡಿ.

ಬಳ್ಳಾರಿಯ ಕಾಲೇಜೊಂದರ ಲ್ಯಾಬಿನಲ್ಲಿ, ಪ್ರಯೋಗಕ್ಕೆಂದೇ ಸಕ್ಕರೆ ಕಾಯಿಲೆ ಬರಿಸಿದ್ದ ಬಿಳಿ ಇಲಿಯ ಬಾಲದಿಂದ ಒಂದು ಹನಿ ರಕ್ತ ತೆಗೆದರು. ಬಾದನಹಟ್ಟಿಯ ನಮ್ಮ ಅತ್ತೆಯ ಹತ್ತಿರ ಇರುವಂಥದ್ದೇ ಸಕ್ಕರೆ ಅಳೆಯುವ ಮೀಟರ್. ಸಿರುಗುಪ್ಪ ರಸ್ತೆಯ ಬದಿಯಲ್ಲಿ ನಾನೇ ಕಿತ್ತುಕೊಟ್ಟ ತಂಗಡಿ ಹೂವಿನ ಸಾರ ಕುಡಿದ ಇಲಿ ಅದು. ಸಕ್ಕರೆ ಇಳಿದಿತ್ತು! ಇಲಿ ಗುಣವಾದರೆ ಇನ್ಸುಲಿನ್ ಬಿಟ್ಟು ಇದನ್ನೇ ಕುಡಿಯುತ್ತೇನೆಂದು ಅತ್ತೆ ಕಾಯುತ್ತಿದ್ದರು.

"ಮೇಡಂ, ಹಂಗಾರ ಇದು ಉಳೀತಲ್ರಿ!" ಎಂದೆ.

ಪ್ರಯೋಗ ಮಾಡುತ್ತಿದ್ದ ಮೇಡಂ ಪಂಜರ ಮುಚ್ಚಿದರು. "ಎಲ್ಲಿ ಉಳೀತಪ್ಪ? ನಾಳೆ ಇದನ್ನ ಕೊಯ್ದು ಲಿವರ್ ನೋಡ್ಬೇಕು. ಸಕ್ಕರಿ ಇಳದ್ರ ಸಾಲಂಗಿಲ್ಲ, ಒಳಗ ಏನಾಗೈತೋ ಏನೋ."

ಊರಿಗೆ ಹೋಗಿ ಇದ್ದದ್ದು ಇದ್ದಂಗೆ ಹೇಳಿದೆ. ಅತ್ತೆ ಒಣಗಲು ಹರವಿದ್ದ ತಂಗಡಿ ಹೂವನ್ನು ಬದಿಗೆ ಸರಿಸಿದರು.

"ನನ್ನನ್ನ ಕೊಯ್ದು ನೋಡಾವ್ರು ಯಾರದಾರಲೇ? ಆ ಸೂಜಿ ತಗೊಂಬಾ."

ತಂಪಿಗೆಂದು ಇಟ್ಟಿದ್ದ ಹಸಿ ಉಸುಕಿನ ಗಡಿಗೆಯಿಂದ ಇನ್ಸುಲಿನ್ ತೆಗೆದುಕೊಟ್ಟೆ. ಆ ಇಲಿಯ ಒಳಗೆ ಏನಿತ್ತೆಂದು ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಸೂಜಿ ಬಿಟ್ಟು ಕಷಾಯ ಹಿಡಿದಿದ್ದರೆ, ಆಮೇಲೆ ಏನಾಯಿತೆಂದು ನೀವೂ ಬರೆಯಿರಿ.